ಅರಸ ತಿಂಗಳಿಗೊಮ್ಮೆ ಹುಟ್ಟುತ್ತಾನೆ

ಕಿಸ್ಲೇವ್ ತಿಂಗಳು, ವಾರದ ಬಿಡುವಿನ ಸಬ್ಬತ್ ಕಳೆದ ಮರುದಿನ

ಒಡೆದ ಹಿಟ್ಟಿನ ಗಡಿಗೆಯ ಚೂರುಗಳ ಮೇಲೆ ಒಲೆಯ ಮಸಿಯಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ರೊಟ್ಟಿಯ ಒಲೆಗೆ ಹಚ್ಚುವ ಮೊದಲು ಅಪ್ಪ ಆಲಯದ ಲಿಪಿಕಾರನ ಬಳಿ ಕೂರಿಸಿ ಅಕ್ಷರ ಕಲಿಸಿದ್ದ. ಇಷ್ಟು ವರ್ಷ ಅದು ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಮನೆಯಲ್ಲಿ ಆಡಲಾಗದ ಮಾತನ್ನು ಎಲ್ಲಾದರೂ ಹಾಕಬೇಕಲ್ಲ, ಗಡಿಗೆಯ ಚೂರಿಗಾದರೂ ಹೇಳೋಣ ಅಂತ ಕೂತಿದ್ದೇನೆ.

ಮೊನ್ನೆ ಇಪ್ಪತ್ತೈದು, ಅರಸನ ಹುಟ್ಟುಹಬ್ಬ. ನಮ್ಮನ್ನು ಆಳುವ ಈ ಯವನ ಅರಸ ಎಲ್ಲರ ಹಾಗೆ ಒಂದು ಸಲ ಹುಟ್ಟಿ ಸುಮ್ಮನಾದವನಲ್ಲ. ಇನ್ನು ಮೇಲೆ ಪ್ರತಿ ತಿಂಗಳ ಇಪ್ಪತ್ತೈದಕ್ಕೂ ಹುಟ್ಟುತ್ತಾನಂತೆ. ಯೆರೂಸಲೇಮಿನ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದ್ದಾರೆ. ಮನೆಗೊಬ್ಬ ಗಂಡಸು ಆಲಯದ ಅಂಗಳಕ್ಕೆ ಬಂದು ಬಲಿಯ ಮಾಂಸ ತಿನ್ನಬೇಕು. ನಮ್ಮ ದೇವರ ಬಲಿಪೀಠದ ಮೇಲೇ ಅವರದೊಂದು ಪೀಠ ಕಟ್ಟಿದ್ದಾರೆ. ಅದರ ಮೇಲೆ ಕೊಯ್ದದ್ದು ನಾವು ತಿನ್ನಬಾರದ ಹಂದಿ.

ನನ್ನ ಮುಂದೆ ಪಕ್ಕದ ಮನೆಯ ಗೆಮರ್ಯಜ್ಜ ನಿಂತಿದ್ದ. ಈ ಬೀದಿಯ ಗಂಡುಮಕ್ಕಳಿಗೆಲ್ಲ ಸುನ್ನತಿ ಮಾಡಿದ ಕೈ ಅವನದು, ನನಗೂ ಅವನೇ ಮಾಡಿದ್ದು. ಅಜ್ಜ ಹಲ್ಲು ಕಚ್ಚಿಕೊಂಡ. ಬಾಯಿ ಬಿಡಿಸಲು ಕತ್ತಿಯ ಹಿಡಿಯಿಂದ ಗುದ್ದಿದರು. ಹಲ್ಲು ಉದುರಿದವು, ಮಾಂಸ ಒಳಗೆ ಹೋಗಲಿಲ್ಲ. ಮುದುಕ ಅಂತ ಚಾವಟಿಯಲ್ಲಿ ಹೊಡೆದು ಬಿಟ್ಟರು. ಆಮೇಲೆ ನನ್ನ ಸರದಿ. ನಾನು ಬಾಯಿ ತೆರೆದೆ. ನುಂಗಿದೆ. ಗೋಡೆಯ ಹಿಂದೆ ಹೋಗಿ ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡೆ. ಮೂರು ಸಲ ಬಾಯಿ ತೊಳೆದೆ, ರುಚಿ ಹೋಗಲಿಲ್ಲ.

ಸತ್ತುಹೋಗಬೇಕಿತ್ತು ನಾನು.

ಕಿಸ್ಲೇವ್, ಅದೇ ವಾರದ ನಾಲ್ಕನೆಯ ದಿನ

ಅವ್ವ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅವಳಿಗೆ ಸಿಟ್ಟು ಬಂದರೆ ಕಥೆ ಹೇಳುತ್ತಾಳೆ, ಅದು ಇನ್ನೂ ಕಷ್ಟ.

"ನಮ್ಮ ಹಿರೀಕರ ಕಥೆಯಲ್ಲಿ ಹುಟ್ಟಿದಬ್ಬ ಮಾಡ್ಕೊಂಡೋನು ಒಬ್ಬನೇ ಕಣೋ, ಐಗುಪ್ತದ ಅರಸ. ಅವತ್ತು ಏನ್ ಮಾಡ್ದ ಗೊತ್ತಲ್ಲ?"

"ಗೊತ್ತವ್ವ."

"ರೊಟ್ಟಿಯವನನ್ನ ನೇಣಿಗೆ ಹಾಕ್ದ. ನೀನು ಯಾವ ಕಸುಬಿನೋನು?"

ಮಗಳು ಶೆಲೋಮಿತ್ ನಕ್ಕುಬಿಟ್ಟಳು. ಅವಳು ನಗುವುದನ್ನು ಕೇಳಿ ತುಂಬ ದಿನವಾಗಿತ್ತು. ಅವಳು ಬಸುರಿ, ನಾಲ್ಕು ತಿಂಗಳು. ಗಂಡ ಯಾಕೀಮ್ ನಿನ್ನೆ ಬೆಟ್ಟ ಸೇರಿದ. ಹಂದಿ ತಿನ್ನುವುದಕ್ಕಿಂತ ಗವಿಯಲ್ಲಿ ಮಿಡತೆ ತಿಂದು ಬದುಕುತ್ತೇನೆ ಅಂದ. ನನ್ನ ಮುಖ ನೋಡದೆ ಅಂದ.

"ನಾನು ಹುಟ್ಟಿದ್ದು ಯಾವತ್ತು ಅಜ್ಜಿ?" ಶೆಲೋಮಿತ್ ಕೇಳಿದಳು.

"ಅದನ್ನ ಯಾರು ಇಟ್ಕೋತಾರೆ? ಗಂಡಾದ್ರೆ ಎಂಟು ದಿನ ಎಣಿಸ್ಬೇಕು, ಸುನ್ನತಿ ಮಾಡಿ ಹೆಸರಿಡ್ಬೇಕು, ಆಮೇಲೆ ಆ ದಿನಾನ ಮರ್ತುಬಿಡ್ಬೇಕು. ಹೆಣ್ಣಿಗೆ ಆ ಎಣಿಕೇನೂ ಇಲ್ಲ. ದಿನ ಹಿಡ್ಕೊಂಡು ಕೂರೋರು ಅರಸರು, ಜೋಯಿಸರು."

ಸುನ್ನತಿ ಅಂದ ಕೂಡಲೇ ಶೆಲೋಮಿತ್ ಎದ್ದು ಬಾಗಿಲು ಹಾಕಿದಳು. ಅದಕ್ಕೂ ಡಂಗುರ ಆಗಿದೆ. ಮಗುವಿಗೆ ಸುನ್ನತಿ ಮಾಡಿಸಿದರೆ ತಾಯಿಯನ್ನೂ ಮಗುವನ್ನೂ ಕೋಟೆಯ ಗೋಡೆಯಿಂದ ತಳ್ಳುತ್ತಾರೆ. ಕೆಳಗಿನ ಕೇರಿಯ ಇಬ್ಬರನ್ನು ತಳ್ಳಿಯೂ ಆಯಿತು. ದೇವರೇ, ಅವಳಿಗೆ ಹೆಣ್ಣು ಹುಟ್ಟಲಿ.

ಟೇವೇತ್, ಅರಸನ ಹುಟ್ಟುಹಬ್ಬ ಮುಗಿದ ಮೇಲೆ

ಈ ಸಲ ಮನೆಗೆ ಬರುವವರೆಗೆ ತಡೆದುಕೊಂಡೆ. ಅಂಗಳದಲ್ಲಿ ಕಾರಿಕೊಂಡವರನ್ನು ಮತ್ತೊಂದು ಸಲ ತಿನ್ನಿಸುತ್ತಿದ್ದಾರೆ, ಅದಕ್ಕೆ.

ಮಾಂಸದ ಜೊತೆಗೆ ಜೇನುರೊಟ್ಟಿಯನ್ನೂ ಹಂಚಿದರು. ಸೈನ್ಯದ ಅಡುಗೆಯವನು ಸುಟ್ಟದ್ದು. ಮೇಲೆ ಕರಿ, ಒಳಗೆ ಹಸಿ ಹಿಟ್ಟು. ಹುಳಿಹಿಟ್ಟು ಸತ್ತುಹೋಗಿದೆ, ಜೇನು ಸುರಿದು ಮುಚ್ಚಿದ್ದಾರೆ. ನನ್ನ ಮುಖ ತಾನಾಗಿಯೇ ಸಿಂಡರಿಸಿತು. ಹಬ್ಬದ ಉಸ್ತುವಾರಿಯ ಯವನ ಅಧಿಕಾರಿ, ಥೆರೋನ್ ಅಂತ, ಅದನ್ನು ನೋಡಿಬಿಟ್ಟ.

"ಏನಯ್ಯಾ, ಅರಸನ ರೊಟ್ಟಿ ರುಚಿಸಲಿಲ್ವಾ?"

ಚಾವಟಿ ಬಿತ್ತು ಅಂದುಕೊಂಡೆ. ಹೆದರಿಕೆಯಲ್ಲಿ ನಿಜ ಹೇಳಿದೆ. "ಒಡೆಯಾ, ಹಿಟ್ಟು ಏಳೋಕೆ ಬಿಟ್ಟಿಲ್ಲ. ನಾನು ರೊಟ್ಟಿಯವನು."

ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡು ಜಗಿದ, ಉಗಿದ. "ನಿಜ ಕಣಯ್ಯಾ. ಇದನ್ನ ತಿಂದ್ರೆ ಅರಸ ಹುಟ್ಟಿದ್ದಕ್ಕೇ ಬೇಜಾರು ಮಾಡ್ಕೋತಾನೆ. ಮುಂದಿನ ತಿಂಗಳಿಂದ ನೀನೇ ಮಾಡು."

ಸುತ್ತ ಇದ್ದ ಸೈನಿಕರು ನಕ್ಕರು. ನಾನೂ ನಕ್ಕೆನೋ ಏನೋ ನೆನಪಿಲ್ಲ. ಬೇಡ ಅಂದರೆ ಏನಾಗುತ್ತಿತ್ತು ಅಂತ ಗೆಮರ್ಯಜ್ಜನ ಬಾಯಿಯಲ್ಲಿ ಬರೆದಿದೆ. ಅವ್ವನಿಗೆ ಹೇಳಿದೆ, ರೊಟ್ಟಿ ಬಲಿಯಲ್ಲ, ಬರೀ ರೊಟ್ಟಿ. ಅವಳು ಕಥೆ ಕೂಡ ಹೇಳಲಿಲ್ಲ.

ಶೆಬಾಟ್, ಅರಸನ ದಿನದ ಮಾರನೆಯ ದಿನ

ಯಾರು ಏನಾದರೂ ಅನ್ನಲಿ, ರೊಟ್ಟಿ ಚೆನ್ನಾಗಿ ಬಂದಿತ್ತು. ಕೋಟೆಯಿಂದ ಗೋಧಿಯ ಬಿಳಿ ಹಿಟ್ಟು ಕಳಿಸಿದ್ದರು. ಇಂಥ ಹಿಟ್ಟನ್ನು ನಾನು ಅಪ್ಪನ ಕಾಲದಲ್ಲಿ ಆಲಯಕ್ಕೆ ಸುಡುವಾಗ ಮುಟ್ಟಿದ್ದು, ಆಮೇಲೆ ಮುಟ್ಟಿರಲಿಲ್ಲ. ಇಡೀ ದಿನ ಹುಳಿಗೆ ಬಿಟ್ಟೆ. ಗಿಣ್ಣು ಸೇರಿಸಿದೆ. ಜೇನನ್ನು ಒಲೆಯಿಂದ ತೆಗೆದ ಮೇಲೆ ಹಚ್ಚಿದೆ, ಮೊದಲೇ ಹಚ್ಚಿದರೆ ಕಹಿಯಾಗುತ್ತದೆ. ರೊಟ್ಟಿ ಮುರಿದರೆ ಹತ್ತಿಯ ಹಾಗೆ ಬಿಡುತ್ತಿತ್ತು.

ಥೆರೋನ್ ಎರಡು ತಿಂದ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಊರಲ್ಲಿ ಅವನಿಗೊಬ್ಬಳು ಮಗಳಿದ್ದಾಳೆ. "ಏಳು ತುಂಬ್ತು ಅವಳಿಗೆ. ಒಂದು ಹುಟ್ಟುಹಬ್ಬಕ್ಕೂ ನಾನು ಮನೇಲಿಲ್ಲ. ಕಂಡೋರ ಹುಟ್ಟುಹಬ್ಬ ಮಾಡಿಸೋದೇ ನನ್ನ ಹಣೆಬರಹ. ನಿನ್ನ ಮಗಳ ಹುಟ್ಟುಹಬ್ಬ ಯಾವತ್ತು?"

"ನಾವು ಇಟ್ಕೊಳ್ಳೋದಿಲ್ಲ ಒಡೆಯಾ."

"ಏನು ಜನವಯ್ಯಾ ನೀವು! ಹುಟ್ಟಿದ್ದಕ್ಕೆ ಸಂತೋಷಾನೇ ಇಲ್ವಾ ನಿಮಗೆ?"

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಶೆಲೋಮಿತ್ ಹುಟ್ಟಿದ ದಿನ, ಈಗಿಲ್ಲದ ಅವಳಮ್ಮ ನಕ್ಕಿದ್ದಳು, ಹೊರಗೆ ಬಿಸಿಲಿತ್ತು. ಯಾವ ದಿನ ಅಂತ ಮಾತ್ರ ಗೊತ್ತಿಲ್ಲ. ಇಟ್ಟುಕೊಂಡಿದ್ದರೆ ಏನು ಹೋಗುತ್ತಿತ್ತು?

ಮಾಂಸಕ್ಕೆ ಈ ಸಲ ಉಪ್ಪು ಸಾಲದಾಗಿತ್ತು.

ಅದಾರ್, ಅರಸನ ದಿನಕ್ಕೆ ಒಂದು ವಾರ ಇರುವಾಗ

ಯಾಕೀಮ್ ಬೆಟ್ಟದಿಂದ ಹೇಳಿಕಳಿಸಿದ್ದಾನೆ. ಇದ್ದಲು ಮಾರುವ ಹೆಂಗಸು ಸುದ್ದಿ ತಂದಳು. ಶೆಲೋಮಿತಳನ್ನು ಹೊಟ್ಟೆ ಇನ್ನೂ ಭಾರವಾಗುವ ಮೊದಲು ಆ ಹೆಂಗಸಿನ ಜೊತೆ ಕಳಿಸಬೇಕಂತೆ. ಗವಿಯಲ್ಲಿ ಸೂಲಗಿತ್ತಿ ಇದ್ದಾಳಂತೆ. ಗಂಡು ಹುಟ್ಟಿದರೆ ಎಂಟನೆಯ ದಿನ ಯಾರ ಭಯವೂ ಇಲ್ಲದೆ ಕೆಲಸ ಮುಗಿಸಬಹುದಂತೆ.

ಅವ್ವ ಆಗಲೇ ಗಂಟು ಕಟ್ಟಲು ಶುರುಮಾಡಿದ್ದಳು. ನಾನು ಬೇಡ ಅಂದೆ.

"ತಣ್ಣನೆ ಗವೀಲಿ ಬಾಣಂತನ ಮಾಡೋಕಾಗುತ್ತಾ? ಇಲ್ಲಿ ಒಲೆ ಇದೆ, ಹಿಟ್ಟಿದೆ. ನಮ್ಮನೆ ಕಡೆ ಯಾರೂ ಕಣ್ಣೆತ್ತಿ ನೋಡ್ತಿಲ್ಲ. ಯಾಕೆ? ನಾನು ರೊಟ್ಟಿ ಕೊಡ್ತಿದೀನಿ ಅಂತ."

"ನೀನು ಏನ್ ಕೊಡ್ತಿದೀಯ ಅಂತ ನನಗೂ ಗೊತ್ತು," ಅಂದಳು ಅವ್ವ.

"ಬಗ್ಗಿದ್ದಕ್ಕೆ ಬದುಕಿದೀವಿ."

"ಬಗ್ಗಿದೋನಿಗೆ ಒಂದು ಗುದ್ದು ಜಾಸ್ತಿ ಕಣೋ."

ಶೆಲೋಮಿತ್ ಇಬ್ಬರ ಮುಖವನ್ನೂ ನೋಡಿದಳು. "ಅಪ್ಪ ಹೇಳ್ದಂಗೇ ಆಗ್ಲಿ ಬಿಡಜ್ಜಿ," ಅಂದಳು. ಅವಳು ಯಾವಾಗಲೂ ನನ್ನ ಮಗಳು. ಇದ್ದಲಿನವಳಿಗೆ ಎರಡು ರೊಟ್ಟಿ ಕೊಟ್ಟು ಕಳಿಸಿದೆ. ತೆಗೆದುಕೊಳ್ಳಲಿಲ್ಲ, ಸೊಕ್ಕು. ಬೀದಿಯಲ್ಲಿ ಈಗ ಕೆಲವರು ನನ್ನನ್ನು ಕಂಡರೆ ಆ ಬದಿಗೆ ದಾಟುತ್ತಾರೆ. ದಾಟಲಿ. ಅವರೂ ತಿನ್ನುತ್ತಾರೆ, ತಿಂದು ಅಳುತ್ತಾರೆ. ಅತ್ತರೆ ಹೊಟ್ಟೆಗೆ ಹೋದದ್ದು ವಾಪಸು ಬರುತ್ತದೆಯೇ?

ನಿಸಾನ್, ಅರಸನ ದಿನಕ್ಕೆ ಹತ್ತು ಹನ್ನೊಂದು ದಿನ ಇರುವಾಗ

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಸೊಂಟ ಬಗ್ಗಿಸಿಕೊಂಡು ಮೂಲೆಮೂಲೆಯ ರೊಟ್ಟಿಯ ಪುಡಿ ಗುಡಿಸುತ್ತಿದ್ದಳು. ಈ ವಯಸ್ಸಿನಲ್ಲಿ ಇದೇಕೆ ಅಂದೆ.

"ಇವತ್ತು ಯಾವ ದಿನ ಅಂತ ಗೊತ್ತಾ ನಿನಗೆ?"

"ಅರಸನ ದಿನಕ್ಕೆ ಇನ್ನೂ..." ಅಂದು ನಿಂತೆ. ಇವತ್ತು ಸಂಜೆ ಪಸ್ಕ, ನಮ್ಮ ಹಿರೀಕರು ಐಗುಪ್ತದ ಸೆರೆ ಬಿಟ್ಟು ಬಂದ ಹಬ್ಬ. ಮರೆತಿರಲಿಲ್ಲ, ನಾಲಿಗೆಗೆ ಬರಲಿಲ್ಲ ಅಷ್ಟೆ. ಕೆಲಸದ ಗಡಿಬಿಡಿ.

ಅವಳು ನನ್ನ ಹುಳಿಹಿಟ್ಟಿನ ಮಡಕೆ ಎತ್ತಿಕೊಂಡು ಹೊರಟಳು. ಪಸ್ಕದ ಏಳು ದಿನ ಮನೆಯಲ್ಲಿ ಹುಳಿ ಇರಕೂಡದು, ಪ್ರತಿ ವರ್ಷ ನಾನೇ ನನ್ನ ಕೈಯಾರೆ ಎಸೆಯುತ್ತಿದ್ದೆ. ಹಬ್ಬ ಮುಗಿದ ಮೇಲೆ ಹೊಸದು ಕಟ್ಟುತ್ತಿದ್ದೆ. ಆದರೆ ಹಬ್ಬ ಮುಗಿದು ಹೊಸ ಹುಳಿ ಕಟ್ಟಿದರೆ ಇಪ್ಪತ್ತೈದಕ್ಕೆ ಅದರಲ್ಲಿ ಕಸುವು ಎಲ್ಲಿರುತ್ತದೆ? ಎರಡು ಮೂರು ದಿನದ ಹುಳಿಗೆ ಗಿಣ್ಣಿನ ಹಿಟ್ಟು ಏಳುವುದೇ ಇಲ್ಲ, ರೊಟ್ಟಿ ಕಲ್ಲಾಗುತ್ತದೆ. ಕಸುಬು ಗೊತ್ತಿಲ್ಲದವರಿಗೆ ಇದನ್ನು ಹೇಗೆ ತಿಳಿಸುವುದು. ಅವಳ ಕೈ ಹಿಡಿದುಕೊಂಡೆ.

"ಅವ್ವಾ, ಇಟ್ಬಿಡು."

"ನಿಮ್ಮಪ್ಪ ಐವತ್ತು ಪಸ್ಕಕ್ಕೂ ಎಸೆದ ಕಣೋ ಇದನ್ನ."

"ಅಪ್ಪನ ಕಾಲದಲ್ಲಿ ಅರಸ ತಿಂಗಳಿಗೊಂದು ಸಲ ಹುಟ್ತಿರಲಿಲ್ಲ."

ಮಡಕೆ ನನ್ನ ಕೈಗೆ ಬಂತು. ಅವಳ ಮುಂಗೈ ಕೆಂಪಾಗಿತ್ತು, ನಾನು ಅಷ್ಟು ಬಿಗಿಯಾಗಿ ಹಿಡಿದಿದ್ದೆನೆಂದು ಗೊತ್ತೇ ಆಗಲಿಲ್ಲ. ಸಂಜೆ ಅವಳಿಗೂ ಶೆಲೋಮಿತಳಿಗೂ ಹುಳಿಯಿಲ್ಲದ ರೊಟ್ಟಿಯನ್ನೇ ಸುಟ್ಟುಕೊಟ್ಟೆ. ಅವ್ವ ಮುಟ್ಟಲಿಲ್ಲ. ಹುರಿದ ಕಾಳು ತಿಂದು ಮಲಗಿದಳು. ಇನ್ನು ನನ್ನ ಕೈಯ ರೊಟ್ಟಿ ತಿನ್ನುವುದಿಲ್ಲವಂತೆ. ಮುದುಕರ ಹಟ, ನಾಲ್ಕು ದಿನಕ್ಕೆ ಇಳಿಯುತ್ತದೆ.

ನಿಸಾನ್ ಕೊನೆ

ಇಳಿದಿಲ್ಲ. ಕಾಳೇ ತಿನ್ನುತ್ತಿದ್ದಾಳೆ.

ರೊಟ್ಟಿ ಮಾತ್ರ ಈ ಸಲ ಬಹಳ ಚೆನ್ನಾಗಿ ಎದ್ದಿತ್ತು.

ಇಯಾರ್ ಹದಿನೆಂಟು

ಗಂಡು!

ಬೆಳಗಾಗುವ ಹೊತ್ತಿಗೆ ಹುಟ್ಟಿದ. ಸೂಲಗಿತ್ತಿ ಉಪ್ಪು ಸವರಿ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. ಒಲೆಯಿಂದ ಆಗತಾನೆ ತೆಗೆದ ರೊಟ್ಟಿಯಷ್ಟೇ ಬಿಸಿ, ಅಷ್ಟೇ ಮೆತ್ತಗೆ. ಕಣ್ಣು ಬಿಡದೆಯೇ ಬಾಯಿ ಆಡಿಸುತ್ತಿದ್ದ. ನಾನು ಅತ್ತೆ. ಹೆಣ್ಣು ಹುಟ್ಟಲಿ ಅಂತ ಬೇಡಿಕೊಂಡವನು ನಾನೇ, ಅದು ಮನಸ್ಸಿಗೆ ಬರಲೇ ಇಲ್ಲ.

ಇವತ್ತಿನ ದಿನ ಬರೆದಿಡುತ್ತಿದ್ದೇನೆ ಅಂದಾಗ ಅವ್ವ ಗದರಿದಳು. "ದಿನ ಯಾಕೆ ಬರೀತೀಯ? ಎಂಟು ಎಣಿಸೋಕೆ ನನ್ನ ಬೆರಳಿದಾವೆ."

ಎಣಿಸಿದಳು. ಎಂಟನೆಯ ದಿನ ಇಪ್ಪತ್ತೈದಕ್ಕೆ ಬಿತ್ತು.

ಇಯಾರ್, ಮಗು ಹುಟ್ಟಿದ ಮೂರನೆಯ ದಿನ

ಎಲ್ಲ ಒಳ್ಳೆಯದಕ್ಕೇ ಆಗುತ್ತಿದೆ. ಅವ್ವನೂ ಗೆಮರ್ಯಜ್ಜನೂ ಮಾತಾಡಿಕೊಂಡಿದ್ದಾರೆ. ಇಪ್ಪತ್ತೈದರ ಹಗಲಿಗಿಂತ ಒಳ್ಳೆಯ ಹೊತ್ತು ಬೇರೆ ಸಿಗುವುದಿಲ್ಲ. ಊರಿನ ಸೈನಿಕರೆಲ್ಲ ಆಲಯದ ಅಂಗಳದಲ್ಲಿ ಕುಡಿಯುತ್ತಿರುತ್ತಾರೆ. ನಾನು ಯಾವಾಗಿನಂತೆ ಅಲ್ಲಿ ರೊಟ್ಟಿ ಹಂಚುತ್ತಿರಬೇಕು, ಯಾರಿಗೂ ಅನುಮಾನ ಬರುವುದಿಲ್ಲ. ಅಷ್ಟರಲ್ಲಿ ಇಲ್ಲಿ ಕೆಲಸ ಮುಗಿದಿರುತ್ತದೆ. ಬೇಡ ಅನ್ನಲು ನನ್ನ ಬಾಯಿಗೂ ಬರಲಿಲ್ಲ. ಮೊಮ್ಮಗ ನಮ್ಮವನಾಗಬೇಕಲ್ಲ.

ಇವತ್ತು ರೊಟ್ಟಿಯ ಮಾತಾಡಲು ಕೋಟೆಗೆ ಹೋಗಿದ್ದೆ. ಥೆರೋನ್ ನನ್ನ ಮುಖ ನೋಡಿದವನೇ, "ಏನಯ್ಯಾ, ಮದುವೆ ಗಂಡಿನ ಥರ ಹೊಳೀತಿದೀಯ?" ಅಂದ.

ಹೇಳಿಬಿಟ್ಟೆ. ಸಂತೋಷವನ್ನು ಎಷ್ಟು ಅಂತ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು? ಬೀದಿಯಲ್ಲಿ ನನ್ನ ಹತ್ತಿರ ಮಾತಾಡುವವರೇ ಇಲ್ಲ.

"ಮೊಮ್ಮಗನಾ! ಯಾವತ್ತು ಹುಟ್ಟಿದ್ದು?"

"ಹದಿನೆಂಟಕ್ಕೆ, ಬೆಳಗಿನ ಜಾವ."

"ನೋಡಿದ್ಯಾ, ದಿನ ಇಟ್ಕೊಳ್ಳೋದು ಕಲಿತೆ ನೀನು!" ಅಂತ ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುತ್ತಿಲ್ಲ. ಅರಸನ ಹಬ್ಬದ ದಿನ ಮಗುವನ್ನು ಕರೆದುಕೊಂಡು ಬಾ, ಅರಸನ ಜೊತೆಗೆ ಅವನಿಗೂ ಹಬ್ಬ ಮಾಡೋಣ ಅಂದ. ಬಾಣಂತಿಯೂ ಮಗುವೂ ನಲವತ್ತು ದಿನ ಹೊಸಿಲು ದಾಟುವ ಹಾಗಿಲ್ಲ, ನಮ್ಮ ಪದ್ಧತಿ ಅಂದೆ. ಸರಿ ಬಿಡು ಅಂದ. ಹೇಗೆ ತಪ್ಪಿಸಿಕೊಂಡೆ ನೋಡಿ.

ಬರುವಾಗ ಆಲಿವ್ ಎಲೆಯ ಹಾರವೊಂದನ್ನು ಕೊಟ್ಟ. ಗಂಡು ಹುಟ್ಟಿದ ಮನೆಯ ಬಾಗಿಲಿಗೆ ಯವನರು ಅದನ್ನು ಕಟ್ಟುತ್ತಾರಂತೆ. ಬಾಗಿಲಿಗೆ ಕಟ್ಟಿದ್ದೇನೆ. ಇದನ್ನು ನೋಡಿದರೆ ಯಾವ ಸೈನಿಕನೂ ನಮ್ಮ ಮನೆಯ ಮೇಲೆ ಸಂಶಯಪಡುವುದಿಲ್ಲ.

ಅವ್ವ ಹಾರವನ್ನು ನೋಡಿದಳು. "ಯಾರಿಗೆ ಹೇಳ್ದೆ?"

"ನಮ್ಮ ಥೆರೋನ್‌ಗೆ."

"ದಿನಾನೂ ಹೇಳಿದ್ಯಾ?"

"ಕೇಳ್ದ, ಹೇಳ್ದೆ. ಅವನಿಗೂ ಮಗಳಿದಾಳವ್ವ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಅಂದಳು. ಹಾರ ಕೀಳಲು ಕೈ ಎತ್ತಿದಳು, ಎಟುಕಲಿಲ್ಲ. ಕಟ್ಟಿದ ಮೇಲೆ ಕಿತ್ತರೆ ಅದೇ ಅನುಮಾನಕ್ಕೆ ದಾರಿ ಅಂತ ಬಿಡಿಸಿ ಹೇಳಿದೆ. ಒಳಗೆ ಹೋದಳು.

ಇಯಾರ್, ಅರಸನ ದಿನದ ಹಿಂದಿನ ಸಂಜೆ

ಹಿಟ್ಟು ಏಳುತ್ತಿದೆ. ಶೆಲೋಮಿತ್ ಹಾಲು ಕುಡಿಸುತ್ತ ಗುನುಗುತ್ತಿದ್ದಾಳೆ. ಹೆಸರು ಏನೆಂದು ಕೇಳಿದೆ. "ನಾಳೆ ಸುನ್ನತಿ ಆದ್ಮೇಲೆ ಕೂಗಿ ಕರೀತೀವಿ, ಆಗ ಕೇಳಿಸ್ಕೊಳಪ್ಪಾ," ಅಂತ ನಕ್ಕಳು. ಆಗ ನಾನಿಲ್ಲಿ ಇರುವುದಿಲ್ಲ, ಅದು ಅವಳಿಗೆ ಹೊಳೆಯಲಿಲ್ಲ. ಸಂಜೆ ಬಂದ ಮೇಲೆ ಕೇಳಿದರಾಯಿತು.

ಗೆಮರ್ಯಜ್ಜ ಚಾಕು ಮಸೆದುಕೊಂಡು ಹಿತ್ತಲಿಂದ ಬಂದು ಇಲ್ಲೇ ಮಲಗಿದ್ದಾನೆ. ಹಲ್ಲಿಲ್ಲದ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ.

ಮೊಮ್ಮಗನಿಗೆ ಅಂತ ಒಂದು ಪುಟ್ಟ ರೊಟ್ಟಿ ಬೇರೆಯಾಗಿ ತಟ್ಟಿದ್ದೇನೆ. ಅವನಿಗೆ ತಿನ್ನಲು ಬರುವುದಿಲ್ಲ, ಗೊತ್ತು. ಆದರೂ ಇರಲಿ.

ಇಯಾರ್ ಮುಗಿಯುತ್ತಿದೆ

ಬರೆಯುತ್ತೇನೆ. ಬರೆಯದಿದ್ದರೆ ಇದನ್ನೂ ನಾನು ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಅಂಗಳದಲ್ಲಿ ಮಾಂಸ ತಿಂದು ರೊಟ್ಟಿ ಹಂಚುತ್ತಿದ್ದೆ. ಥೆರೋನ್ ಹೆಗಲ ಮೇಲೆ ಕೈಹಾಕಿ ಹೇಳಿದ, "ಮೊಮ್ಮಗ ಹಬ್ಬಕ್ಕೆ ಬರದಿದ್ರೆ ಏನಂತೆ? ಹಬ್ಬಾನೇ ಅವನ ಮನೆಗೆ ಕಳಿಸಿದೀನಿ."

"ಏನು ಒಡೆಯಾ?"

"ಇಬ್ಬರು ಹುಡುಗರು ಹೋಗಿದಾರೆ. ನಿನ್ನ ರೊಟ್ಟೀನೇ ಕಳಿಸಿದೀನಿ, ಒಂದು ಗಿಲಕಿ, ಒಂದು ಹಾರ. ಮನೆ ಯಾವುದು ಅಂತ ಕೇಳಿದ್ರು. ಬಾಗಿಲಿಗೆ ಆಲಿವ್ ಹಾರ ಇರೋದು ಒಂದೇ ಮನೆ ಅಂದೆ."

ನನ್ನ ಬಾಯಲ್ಲಿ ಇನ್ನೂ ತುಂಡಿತ್ತು. ನುಂಗಿದೆ. ನುಂಗಿಯೇ ಓಡಿದೆ.

ಬೀದಿಯ ತಿರುವಿನಲ್ಲಿ ಅವರು ಎದುರು ಬಂದರು. ಮುಂದೆ ಶೆಲೋಮಿತ್, ಮಗು ಎದೆಯಲ್ಲಿ, ಬಟ್ಟೆಯ ಮೇಲೆ ರಕ್ತದ ಕಲೆ. ಹಿಂದೆ ಗೆಮರ್ಯಜ್ಜ, ಕೈ ಕಟ್ಟಿದ್ದರು. ಒಬ್ಬ ಸೈನಿಕನ ಬೆರಳಲ್ಲಿ ಗಿಲಕಿ ಹಾಗೇ ನೇತಾಡುತ್ತಿತ್ತು, ನಡೆದ ಹಾಗೆ ಸದ್ದು ಮಾಡುತ್ತಿತ್ತು. ಚಿಕ್ಕ ಹುಡುಗ ಅವನು, ಮುಖ ಬಿಳಿಚಿತ್ತು. ಉಡುಗೊರೆ ಕೊಡಲು ಹೋಗಿ ಇದನ್ನು ಕಂಡಿದ್ದ. ಕಂಡ ಮೇಲೆ ಕಾನೂನು.

"ಅಪ್ಪಾ," ಅಂದಳು. ಅಷ್ಟೇ. ಬೈಯಲಿಲ್ಲ.

ಥೆರೋನ್ ಬಂದ. ನಾನು ಅವನ ಕಾಲಿಗೆ ಬಿದ್ದೆ. ನಿನ್ನ ಮಗಳ ಆಣೆ ಅಂದೆ. ಅವನು ಗೋಡೆಯ ಕಡೆ ನೋಡುತ್ತ ಹೇಳಿದ, "ಒಬ್ಬರೇ ನೋಡಿದ್ರೆ ಕಣ್ಣು ಮುಚ್ಕೋಬಹುದಿತ್ತು. ಇಡೀ ಬೀದಿ ನೋಡ್ತಿದೆ." ಯಾರೋ ನನ್ನನ್ನೂ ಹಿಡಿದುಕೊಂಡರು. ಆಗ ಅವನು ಹೇಳಿದ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ.

"ಅವನನ್ನ ಬಿಡ್ರಿ. ಅವನು ಅರಸನ ಹಬ್ಬದಲ್ಲಿ ಉಂಡಿದಾನೆ. ನಮ್ಮೋನು."

ಎಂಟು ದಿನ ಎಣಿಸಿಯೇ ಕಳಿಸಿದ್ದನೋ, ಪ್ರೀತಿಯಿಂದಲೇ ಕಳಿಸಿದ್ದನೋ, ನನಗೆ ಗೊತ್ತಿಲ್ಲ. ಗೊತ್ತಾದರೂ ಗೋಡೆಯ ಎತ್ತರ ಕಡಿಮೆಯಾಗುವುದಿಲ್ಲ. ಮೂವರನ್ನೂ ತಳ್ಳಿದರು. ಮಗುವನ್ನು ಅವಳ ಎದೆಗೆ ಕಟ್ಟಿದ್ದರು.

ನಾನು ಕೊಂದೆ. ಬೆಟ್ಟಕ್ಕೆ ಕಳಿಸದೆ ಕೊಂದೆ, ಬಾಯಿ ಬಿಟ್ಟು ಕೊಂದೆ, ಬಾಗಿಲಿಗೆ ಗುರುತು ಕಟ್ಟಿ ಕೊಂದೆ.

ಸಿವಾನ್ ತಿಂಗಳು, ಸಬ್ಬತ್ ಕಳೆದ ಮರುದಿನ

ಕೋಟೆಯಿಂದ ಬಿಳಿ ಹಿಟ್ಟು ಬಂದಿದೆ. ನಾಳೆ ಇಪ್ಪತ್ತೈದು.

ಅವ್ವನನ್ನು ಸೈನಿಕರು ಅವತ್ತು ಹಿತ್ತಲಲ್ಲಿ ದೂಡಿ ಹೋಗಿದ್ದರು. ಸೊಂಟ ಮುರಿದಿದೆ, ಇನ್ನು ಏಳಲಾರಳು. ಇಷ್ಟು ದಿನ ನಾನು ನೀರು ಕುಡಿಸಿದೆ, ಮೈ ಒರೆಸಿದೆ, ಅವಳು ಮಾತಾಡಲಿಲ್ಲ. ಇವತ್ತು ನಾನೇ ಕೇಳಿದೆ. ಕಷ್ಟ ತಡೆಯಲಾರದೆ ತಾನು ಹುಟ್ಟಿದ ದಿನವನ್ನೇ ಶಪಿಸಿದ ಹಿರಿಯನೊಬ್ಬನ ಕಥೆಯನ್ನು ಅವಳೇ ಹೇಳುತ್ತಿದ್ದಳು. ನಾನೂ ಶಪಿಸಬೇಕೆಂದಿದ್ದೆ.

"ಅವ್ವಾ, ನಾನು ಹುಟ್ಟಿದ್ದು ಯಾವತ್ತು?"

"ಬಾರ್ಲಿ ಕೊಯ್ಲು. ಸೆಕೆ. ನೀನು ಬಹಳ ಅತ್ತೆ," ಅಂದಳು.

"ದಿನ?"

"ಇಟ್ಕೊಳ್ಲಿಲ್ಲ ಕಣೋ. ದಿನ ಗೊತ್ತಿದ್ರೆ ಗೊತ್ತಿರೋರೆಲ್ಲ ಬರ್ತಾರೆ."

ಶಪಿಸಲೂ ನನಗೊಂದು ದಿನವಿಲ್ಲ. ನನಗೆ ಗೊತ್ತಿರುವ ಹುಟ್ಟಿದ ದಿನಗಳು ಎರಡೇ, ಅರಸನದೊಂದು, ಹದಿನೆಂಟನೆಯದೊಂದು. ಅವ್ವ ಅದನ್ನೂ ಹೇಳಿದಳು, ಸೈನಿಕರು ಬಾಗಿಲು ದೂಡಿದಾಗ ಗೆಮರ್ಯಜ್ಜನ ಕೆಲಸ ಮುಗಿದಿತ್ತಂತೆ, ಹೆಸರು ಕೂಗಿರಲಿಲ್ಲವಂತೆ. ನಮ್ಮ ಹಿರಿಯರಿಗೆಲ್ಲ ಹೆಸರಿದೆ, ಹುಟ್ಟಿದ ದಿನವಿಲ್ಲ. ನನ್ನ ಮೊಮ್ಮಗನಿಗೆ ಹುಟ್ಟಿದ ದಿನವಿದೆ, ಹೆಸರಿಲ್ಲ.

ಎದ್ದು ಹುಳಿಹಿಟ್ಟಿನ ಮಡಕೆಯನ್ನು ಹಿತ್ತಲ ಗೋಡೆಗೆ ಬಡಿದೆ. ಬಾಗಿಲ ಹಾರವನ್ನು ಕಿತ್ತು ಒಲೆಗೆ ಹಾಕಿದೆ. ಒಣಗಿತ್ತು, ಚೆನ್ನಾಗಿ ಉರಿಯಿತು. ಆ ಉರಿಯಲ್ಲಿ ನಮ್ಮ ಮನೆಯ ಬಾರ್ಲಿ ಹಿಟ್ಟನ್ನು ನೀರಲ್ಲಿ ಕಲಸಿ ಒಂದೇ ಒಂದು ರೊಟ್ಟಿ ತಟ್ಟಿ ಸುಟ್ಟೆ. ಕೋಟೆಯ ಹಿಟ್ಟಿನ ಚೀಲ ಬಿಚ್ಚಲಿಲ್ಲ, ಹಾಗೇ ಬೀದಿಗೆ ಇಟ್ಟೆ. ರೊಟ್ಟಿ ಮುರಿದು ಅವ್ವನ ತುಟಿಯ ಹತ್ತಿರ ಹಿಡಿದೆ.

ಅವಳು ಒಲೆಯನ್ನು ನೋಡಿದಳು, ಖಾಲಿ ಬಾಗಿಲನ್ನು ನೋಡಿದಳು.

"ಐಗುಪ್ತದ ಅರಸನ ಕಥೆ ನೆನಪಿದ್ಯಾ?"

"ಇದೆ."

"ನಾಳೆ ಬರ್ತಾರೆ."

"ಬರ್ಲಿ ಅವ್ವಾ."

ಬಾಯಿ ತೆರೆದಳು. ನಿಧಾನವಾಗಿ ಜಗಿದಳು. "ಉಪ್ಪು ಹಾಕೋದು ಮರ್ತಿದೀಯ," ಅಂದಳು. ಆದರೂ ಇಡೀ ರೊಟ್ಟಿ ತಿಂದಳು. ನಾನು ಅವಳ ಕಾಲ ಬಳಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಆಮೇಲೆ ಹತ್ತಿರ ಕರೆದಳು. ಶೆಲೋಮಿತ್ ಮೊದಲೇ ಅವಳಿಗೆ ಹೇಳಿದ್ದಳಂತೆ, ಮಗುವಿಗೆ ಏನೆಂದು ಕರೆಯಬೇಕು ಅಂತ. ನನ್ನ ಕಿವಿಯಲ್ಲಿ ಆ ಹೆಸರು ಹೇಳಿದಳು.

"ಬರೀಬೇಡ," ಅಂದಳು.

ಬರೆಯುವುದಿಲ್ಲ.